ಕಲಬೆರಕೆಯವರ ಹೊಸ ರೆಕಾರ್ಡು

ಕಲಬೆರಕೆಯವರ ಹೊಸ ರೆಕಾರ್ಡು ಮನೆಗೆ ಬಂದು ವಾರವಾದರೂ ಅದರ ಮೇಲಿನ ಪ್ಲಾಸ್ಟಿಕ್ ಹಾಳೆ ಹರಿದಿರಲಿಲ್ಲ. ಚಾಳೀಸು ಅದನ್ನು ತಂದು ಹಾಲ್‌ನಲ್ಲಿ ಗೋಡೆಗೆ ಒರಗಿಸಿಟ್ಟಿದ್ದ. ಬೆಳಿಗ್ಗೆ ಅಂಗಡಿಗೆ ಹೊರಡುವಾಗ ಒಮ್ಮೆ ನೋಡುವುದು, ಸಂಜೆ ಬಂದು ಚಪ್ಪಲಿ ಬಿಡುವಾಗ ಇನ್ನೊಮ್ಮೆ ನೋಡುವುದು, ಅಷ್ಟೇ. ಒಂಬತ್ತು ವರ್ಷ ಬಾಯಿ ಬಾಯಿ ಬಿಟ್ಟುಕೊಂಡು ಕಾದ ಮನುಷ್ಯ, ಕಾದದ್ದು ಕೈಗೆ ಬಂದ ಮೇಲೆ ಮುಟ್ಟಲಾರದೆ ಕೂತಿದ್ದ.

ಚಾಳೀಸು ಅವನ ಹೆಸರಲ್ಲ. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಅವನದೊಂದು ಕನ್ನಡಕದ ಅಂಗಡಿ; ಹಳಬರ ಮಾತಿನಲ್ಲಿ ಕನ್ನಡಕವೆಂದರೆ ಚಾಳೀಸು. ಮದುವೆಯಾದ ಹೊಸದರಲ್ಲಿ ಭಾಮೈದ, ಎಂದರೆ ಹೆಂಡತಿಯ ತಮ್ಮ, ತಮಾಷೆಗೆ 'ಚಾಳೀಸು ಭಾವ' ಎಂದು ಕರೆದ. ಅದು ಅಂಗಡಿಸಾಲಿಗೆಲ್ಲ ಹಬ್ಬಿತು. ಈಗ ಬ್ಯಾಂಕಿನಲ್ಲಿ ನಿಜವಾದ ಹೆಸರು ಹಿಡಿದು ಕೂಗಿದರೂ ಬೇರೆ ಯಾರನ್ನೋ ಕರೆದರು ಎಂದುಕೊಂಡು ಅವನು ಸುಮ್ಮನೆ ಕೂತಿರುತ್ತಾನೆ. ಕಲಬೆರಕೆಯವರು ಎನ್ನುವುದೂ ಆ ಹಾಡಿನ ತಂಡದ ಹೆಸರಲ್ಲ. ಅದು ಅವನ ಹೆಂಡತಿ ಇಟ್ಟದ್ದು. ಒಟ್ಟಿನಲ್ಲಿ ಆ ಮನೆಯಲ್ಲಿ ಯಾವುದಕ್ಕೂ ಸ್ವಂತ ಹೆಸರು ಉಳಿದಿಲ್ಲ.

ಹೆಂಡತಿ ಆ ಹೆಸರಿಟ್ಟದ್ದರಲ್ಲಿ ತಪ್ಪೇನೂ ಇರಲಿಲ್ಲ. ಅವರ ಒಂದೊಂದು ಹಾಡೂ ರಾಕ್ ಎಂದು ಶುರುವಾಗುತ್ತದೆ, ನಡುವೆ ಬ್ಯಾಂಡ್‌ಸೆಟ್ಟಿನ ತುತ್ತೂರಿ ನುಗ್ಗುತ್ತದೆ, ಅದು ಮುಗಿಯುವಷ್ಟರಲ್ಲಿ ಯಾರೋ ಅಜ್ಜಿ ತೊಟ್ಟಿಲು ತೂಗುವ ಹಾಗೆ ಹಾಡುತ್ತಾಳೆ, ಕೊನೆಗೆ ಎಲ್ಲರೂ ಸೇರಿ ಕುಣಿತ. ಒಂದು ರೆಕಾರ್ಡಿನಲ್ಲಿ ಮೆಚ್ಚಿದ್ದನ್ನು ಮುಂದಿನದರಲ್ಲಿ ಹುಡುಕಿದರೆ ಸಿಗುವುದಿಲ್ಲ. ಹಾಗಾಗಿ ಪ್ರತಿ ಸಲವೂ ಅರ್ಧ ಅಭಿಮಾನಿಗಳು ಮುನಿಸಿಕೊಂಡು ಬಿಟ್ಟುಹೋಗುತ್ತಿದ್ದರು. ಚಾಳೀಸು ಮತ್ತು ಭಾಮೈದ ಮಾತ್ರ ಜಪ್ಪಯ್ಯ ಎಂದರೂ ಜಾಗ ಬಿಟ್ಟವರಲ್ಲ. ತಂಡದವರು ಏನು ಮಾಡಿದರೂ ಬೇಕೆಂದೇ ಮಾಡಿದ್ದು, ಅದಕ್ಕೊಂದು ಅರ್ಥವಿದೆ ಎಂದು ಇಬ್ಬರ ನಂಬಿಕೆ. ಒಮ್ಮೆ ಒಂದು ಹಾಡಿನ ನಡುವೆ ಸದ್ದೇ ಇಲ್ಲದೆ ಒಂದಿಷ್ಟು ಹೊತ್ತು ಕಳೆಯಿತು. ಆ ಮೌನದ ಬಗ್ಗೆ ಇಬ್ಬರೂ ಒಂದು ಸಂಜೆಯಿಡೀ ವಾದ ಮಾಡಿದರು. ಆಮೇಲೆ ನೋಡಿದರೆ ಸ್ಪೀಕರಿನ ವೈರು ಸಡಿಲವಾಗಿತ್ತು. "ಇರಲಿ ಭಾವ, ಆ ಜಾಗದಲ್ಲಿ ಮೌನ ಚೆನ್ನಾಗೇ ಇತ್ತು," ಎಂದಿದ್ದ ಭಾಮೈದ, ನಗದೆ.

ಇಬ್ಬರಿಗೂ ಒಂದು ಕಟ್ಟುನಿಟ್ಟು ಇತ್ತು. ಹೊಸ ರೆಕಾರ್ಡು ಬರುವ ಮುಂಚೆ ಅದರ ಬಗ್ಗೆ ಒಂದಕ್ಷರ ಓದಬಾರದು, ಫೋನಿನಲ್ಲಿ ಒಂದು ತುಣುಕೂ ಕೇಳಬಾರದು. ಬಂದ ಮೇಲೆ ಮೊದಲ ಸಲ ಒಬ್ಬರೇ ಕೇಳಕೂಡದು. ಇಬ್ಬರೂ ಕೂತು, ಮೊದಲಿಂದ ಕೊನೆಯವರೆಗೆ, ಒಂದು ಬದಿ ಮುಗಿಯುವ ತನಕ ತುಟಿ ಪಿಟಕ್ಕೆನ್ನದೆ ಕೇಳಬೇಕು. ಭಾಮೈದ ಲಿಫ್ಟ್ ರಿಪೇರಿ ಮಾಡುತ್ತಿದ್ದವನು. ಎಲ್ಲೇ ಇರಲಿ, ಆ ದಿನ ಕೆಲಸ ಬಿಟ್ಟು ಬರುತ್ತಿದ್ದ.

ಈಗ ಅವನಿಲ್ಲ. ಕಳೆದ ವರ್ಷ ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಡಲೆಂದು ಅಂಗಿ ಹಾಕಿಕೊಳ್ಳುತ್ತಿದ್ದವನು ಹಾಗೇ ಕುಸಿದ. ಒಂಟಿ ಜೀವ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆಸ್ಪತ್ರೆಗೆ ಸಾಗಿಸಿದ್ದು ಪಕ್ಕದ ಮನೆಯವರು. ಅಕ್ಕ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಆ ಅಕ್ಕ, ಚಾಳೀಸುವಿನ ಹೆಂಡತಿ, ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಸೂಜಿ ಚುಚ್ಚಿದ್ದೇ ಗೊತ್ತಾಗುವುದಿಲ್ಲ ಎಂದು ಜನ ಅವಳ ಸರದಿ ನೋಡಿಕೊಂಡು ಬರುತ್ತಾರೆ. ತಮ್ಮ ಸತ್ತಾಗಲೂ ಅವಳ ಕೈ ನಡುಗಲಿಲ್ಲ. ಸಹಿ ಹಾಕಬೇಕಾದಲ್ಲಿ ಹಾಕಿದಳು, ಅವನ ಬಟ್ಟೆಗಳನ್ನು ಮಡಿಸಿ ಕೊಡಬೇಕಾದವರಿಗೆ ಕೊಟ್ಟಳು, ಬಾಡಿಗೆ ಮನೆಯನ್ನು ಗುಡಿಸಿ ಬೀಗದ ಕೈ ಒಪ್ಪಿಸಿದಳು, ಮತ್ತೆ ಕೆಲಸಕ್ಕೆ ಹೋದಳು. ಒಂದು ಹನಿ ಕಣ್ಣೀರು ಹಾಕಲಿಲ್ಲ. ಅವನ ರೆಕಾರ್ಡ್ ಪ್ಲೇಯರು ಮತ್ತು ಎರಡು ಪೆಟ್ಟಿಗೆ ರೆಕಾರ್ಡು ಈ ಮನೆಗೆ ಬಂದವು. ಅವಳು ಅವುಗಳ ಧೂಳು ಒರೆಸುತ್ತಿದ್ದಳೇ ಹೊರತು ಅವನ ಮಾತೆತ್ತುತ್ತಿರಲಿಲ್ಲ. ಚಾಳೀಸು ತಾನಾಗಿ ಎತ್ತಿದರೆ "ಹೂಂ" ಎಂದು ಎದ್ದು ಹೋಗುತ್ತಿದ್ದಳು. ರಾತ್ರಿ ಪಕ್ಕದಲ್ಲಿ ಮಲಗಿದವಳು ಎಚ್ಚರವಾಗಿರುತ್ತಾಳೆ ಎಂಬುದು ಅವಳ ಉಸಿರಿನಿಂದಲೇ ಅವನಿಗೆ ಗೊತ್ತಾಗುತ್ತಿತ್ತು. ಏನು ಮಾಡಬೇಕೆಂದು ತೋಚುತ್ತಿರಲಿಲ್ಲ. ಅತ್ತುಬಿಡು ಎಂದು ಹೇಳಿ ಅಳಿಸಲು ಬರುತ್ತದೆಯೆ?

"ಅದನ್ಯಾಕೆ ಮೂಲೇಲಿ ನಿಲ್ಲಿಸಿದ್ದೀರಾ? ಏನು ತಪ್ಪು ಮಾಡಿದೆ ಅದು?" ಎಂದು ಆ ಸಂಜೆ ಕೇಳಿದ್ದು ಅವಳೇ.

"ಒಬ್ಬನೇ ಕೇಳೋ ಹಾಗಿಲ್ಲ," ಎಂದ ಚಾಳೀಸು.

ಅವಳು ಕೈಯಲ್ಲಿದ್ದ ಟವೆಲ್ಲನ್ನು ಕುರ್ಚಿಯ ಮೇಲೆ ಹಾಕಿದಳು. "ಸರಿ, ನಾನು ಕೂತ್ಕೋತೀನಿ. ಹಾಕಿ."

"ನಿನಗೆ ಇಷ್ಟ ಆಗಲ್ಲ."

"ಇಷ್ಟ ಆಗ್ಲೇಬೇಕು ಅಂತ ಕಾನೂನಿದ್ಯಾ? ಹಾಕ್ರೀ ಸುಮ್ನೆ."

"ಮಧ್ಯ ಮಾತಾಡಬಾರದು."

"ನಾನು ದಿನಾ ಬೆಳಿಗ್ಗೆಯಿಂದ ಜನರಿಗೆ ಸೂಜಿ ಚುಚ್ಚೋಳು. ಅವರೇ ಮಾತಾಡೋದು, ನಾನಲ್ಲ."

ಕವರಿನೊಳಗೆ ಒಂದಲ್ಲ, ಎರಡು ರೆಕಾರ್ಡುಗಳಿದ್ದವು. ಒಂಬತ್ತು ವರ್ಷದ ಬಾಕಿ ತೀರಿಸುತ್ತಿದ್ದಾರೆ ಎಂದುಕೊಂಡ ಚಾಳೀಸು. ಇಷ್ಟು ಕಾಲ ಪ್ಲೇಯರಿನ ಸೂಜಿ ಇಳಿಸುತ್ತಿದ್ದವನು ಭಾಮೈದ. ಆ ಯಂತ್ರದ ಹತ್ತಿರ ಭಾವನನ್ನು ಬಿಡುತ್ತಿರಲಿಲ್ಲ. ಇವನು ಉಸಿರು ಬಿಗಿಹಿಡಿದು ಮೊದಲ ರೆಕಾರ್ಡಿಟ್ಟು ಸೂಜಿಯನ್ನು ಇಳಿಸಿ, ಬಂದು ಹೆಂಡತಿಯ ಪಕ್ಕ ಕೂತ.

ಡ್ರಮ್ಮು ಎಷ್ಟೋ ದೂರದಿಂದ ಬಂತು. ಮೇಲಿನ ಮಹಡಿಯಲ್ಲಿ ಯಾರೋ ಮಂಚ ಎಳೆಯುತ್ತಿರುವ ಹಾಗೆ, ಒಂದು ಏಟಿಗೂ ಇನ್ನೊಂದಕ್ಕೂ ನಡುವೆ ಬೇಕಾದಷ್ಟು ಹೊತ್ತು. ಗಿಟಾರು ಆಕಳಿಸಿದಂತೆ ನಿಧಾನವಾಗಿ ಎದ್ದು ನಿಧಾನವಾಗಿಯೇ ಮಲಗಿತು. ಆಮೇಲೆ ಗಾಯಕಿಯ ದನಿ. ಚಾಳೀಸು ಬೆಚ್ಚಿಬಿದ್ದ. ಗಾಜಿನಂತೆ ತೆಳ್ಳಗಿದ್ದ ದನಿ ಅದು. ಈಗ ದಪ್ಪವಾಗಿ, ಭಾರವಾಗಿ, ಹೆಣ್ಣೋ ಗಂಡೋ ಗೊತ್ತಾಗದ ಹಾಗೆ ಎಲ್ಲೋ ಆಳದಿಂದ ಬರುತ್ತಿತ್ತು. ಆಕೆಯ ಗಂಟಲಿಗೆ ಏನೋ ತೊಂದರೆಯಾಗಿದೆ ಎಂದು ವರ್ಷಗಳ ಹಿಂದೆ ಯಾರೋ ಹೇಳಿದ್ದು ನೆನಪಾಯಿತು. ಹಾಳಾದ ಗಂಟಲನ್ನು ಮುಚ್ಚಿಡದೆ ಅದರಲ್ಲೇ ಹಾಡಿದ್ದಾಳಲ್ಲ ಎಂದು ಅವನ ಎದೆ ತುಂಬಿ ಬಂತು. ಪದಗಳು ಸರಿಯಾಗಿ ತಿಳಿಯುತ್ತಿರಲಿಲ್ಲ. ಕಲಬೆರಕೆಯವರ ಪದ ತಿಳಿದದ್ದಾದರೂ ಯಾವಾಗ? ಇಷ್ಟು ವರ್ಷ ಎಲ್ಲ ದಿಕ್ಕಿಗೂ ಓಡಿದವರು ಕೊನೆಗೊಮ್ಮೆ ಕೂತಿದ್ದಾರೆ, ಸುಸ್ತಾಗಿ, ಒಬ್ಬರ ಪಕ್ಕ ಒಬ್ಬರು ಎನ್ನಿಸಿತು. ಇದನ್ನು ಭಾಮೈದನಿಗೆ ಹೇಳಬೇಕು ಎಂದುಕೊಂಡು ಪಕ್ಕಕ್ಕೆ ತಿರುಗಿದ.

ಪಕ್ಕದಲ್ಲಿ ಹೆಂಡತಿ ಅಳುತ್ತಿದ್ದಳು. ಸದ್ದಿಲ್ಲದೆ, ಮುಖ ಒರೆಸಿಕೊಳ್ಳದೆ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತಿದ್ದಳು. ಚಾಳೀಸುವಿಗೆ ಕೈ ಚಾಚಲು ಭಯವಾಯಿತು. ಬದಿ ಮುಗಿದು ರೆಕಾರ್ಡು ಸುಮ್ಮನೆ ಸುತ್ತತೊಡಗಿದರೂ ಏಳಲಿಲ್ಲ.

"ಅವನು ಚಿಕ್ಕವನಿದ್ದಾಗ ಮೆಟ್ಟಿಲ ಕಂಬಿ ಮಧ್ಯ ತಲೆ ಸಿಕ್ಕಿಸ್ಕೊಂಡಿದ್ದ, ಗೊತ್ತಾ?" ಎಂದಳು ಅವಳು, ಮೂಗೊರೆಸಿಕೊಂಡು. "ಎಣ್ಣೆ ಹಚ್ಚಿ ಬಿಡಿಸಿದ್ವಿ. ಬಿಡಿಸಿ ಇನ್ನೂ ಮುಖ ತೊಳೆದಿಲ್ಲ, ಹೇಗೆ ಸಿಕ್ಕಿಹಾಕ್ಕೊಂಡೆ ಅಂತ ತೋರಿಸೋಕೆ ಹೋಗಿ ಮತ್ತೆ ತಲೆ ತೂರಿಸಿದ."

ಚಾಳೀಸುವಿಗೆ ಅದು ಗೊತ್ತಿರಲಿಲ್ಲ. ಇಷ್ಟು ವರ್ಷದ ಸ್ನೇಹದಲ್ಲಿ ಆ ಪುಣ್ಯಾತ್ಮ ಅದನ್ನು ಬಾಯಿಬಿಟ್ಟಿರಲಿಲ್ಲ. ಇಬ್ಬರೂ ನಕ್ಕರು. ಆಮೇಲೆ ಅವಳು ಮತ್ತೆ ಅತ್ತಳು, ಈ ಸಲ ಸದ್ದು ಮಾಡಿ.

ಅಲ್ಲಿಂದ ಮೂರು ವಾರ ಆ ಮನೆಯಲ್ಲಿ ಸಂಜೆಗಳು ಬೇರೆಯೇ ಆದವು. ಅವಳು ಕೆಲಸದಿಂದ ಬಂದು ಮುಖ ತೊಳೆದು, "ಹಾಕಲ್ವಾ?" ಎಂದು ತಾನೇ ಕೇಳುತ್ತಿದ್ದಳು. ಒಂದು ಬದಿ ಕೇಳುವುದು, ಆಮೇಲೆ ತಮ್ಮನ ಒಂದು ಕಥೆ. ಬ್ರೆಡ್ಡಿನ ನಡುವಿನ ಮೆತ್ತನೆ ಭಾಗ ತಿಂದು ಅಂಚನ್ನು ಅಕ್ಕನ ತಟ್ಟೆಗೆ ಜಾರಿಸುತ್ತಿದ್ದದ್ದು, ಮೊದಲ ಸಂಬಳದಲ್ಲಿ ಅವಳಿಗೆ ಎರಡು ಅಳತೆ ದೊಡ್ಡದಾದ ಚಪ್ಪಲಿ ತಂದದ್ದು. ತರಕಾರಿ ಹೆಚ್ಚುವಾಗ ಅವಳು ಆ ನಿಧಾನದ ರಾಗವನ್ನು ಗುನುಗುವುದು ಕೇಳಿಸುತ್ತಿತ್ತು. ರಾತ್ರಿ ನಿದ್ದೆ ಮಾಡುತ್ತಿದ್ದಳು. ಕಲಬೆರಕೆಯವರು ಎದುರಿಗೆ ಸಿಕ್ಕಿದ್ದರೆ ಚಾಳೀಸು ಅವರ ಕಾಲಿಗೆ ಬೀಳುತ್ತಿದ್ದನೇನೋ.

ಊರಿನಲ್ಲಿ ರೆಕಾರ್ಡು ಮಾರುವ ಅಂಗಡಿ ಒಂದೇ. ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆ; ನಡೆಸುವವಳು ಬಾಯಿಗಿಂತ ಹುಬ್ಬಿನಲ್ಲೇ ಹೆಚ್ಚು ಮಾತಾಡುವ ಒಬ್ಬಾಕೆ. ಯಾವುದೇ ದೊಡ್ಡ ರೆಕಾರ್ಡು ಬಂದಾಗ, ಎಲ್ಲರೂ ಕೇಳಿಯಾದ ಮೇಲೆ, ಒಂದು ರಜಾದಿನ ಅಲ್ಲಿ ಅಭಿಮಾನಿಗಳು ಸೇರುತ್ತಾರೆ. ಕಲಬೆರಕೆಯವರ ಬಗ್ಗೆ ಮೊದಲು ಮಾತಾಡುವ ಹಕ್ಕು ಯಾವಾಗಲೂ ಭಾಮೈದನದಾಗಿತ್ತು. ಈ ಸಲ ಅಂಗಡಿಯಾಕೆ ಚಾಳೀಸುವಿನತ್ತ ಹುಬ್ಬೆತ್ತಿದಳು.

ಚಾಳೀಸು ಭಾಷಣ ಮಾಡುವವನಲ್ಲ. ಆದರೆ ಅಂದು ಮಾತು ತಾನಾಗಿ ಬಂತು. ಇದು ಅವರ ಅತ್ಯಂತ ಧೈರ್ಯದ ಕೆಲಸ ಎಂದ. ಇಷ್ಟು ನಿಧಾನವಾಗಿ ಬಾರಿಸಲು ಎಂಥ ತಾಳ್ಮೆ ಬೇಕು ಎಂದ. ಒಂದು ಏಟಿಗೂ ಇನ್ನೊಂದಕ್ಕೂ ನಡುವೆ ಕೇಳುವವರಿಗೆ ತಮ್ಮದೇ ನೋವನ್ನು ತಂದಿಡಲು ಜಾಗ ಬಿಟ್ಟಿದ್ದಾರೆ ಎಂದ. ಕೆಟ್ಟ ಗಂಟಲಿನಲ್ಲಿ ಹಾಡಿದ ಆಕೆಯ ಪ್ರಾಮಾಣಿಕತೆಯನ್ನು ಹೊಗಳಿದ. ಮೂರನೆಯ ಹಾಡನ್ನು ಕೇಳಿ ನಮ್ಮ ಮನೆಯಲ್ಲಿ ಕಣ್ಣು ಒಣಗಿದ ದಿನವಿಲ್ಲ ಎಂದು ಮುಗಿಸಿದ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮುಂದಿನ ಸಾಲಿನ ಹಲ್ಲಿನ ಡಾಕ್ಟರು ಪಕ್ಕದವರ ಮುಖ ನೋಡಿದರು.

"ಸಾರ್, ತಪ್ಪು ತಿಳ್ಕೋಬೇಡಿ. ನೀವು ಯಾವ ರೆಕಾರ್ಡ್ ಬಗ್ಗೆ ಹೇಳ್ತಿದ್ದೀರಿ?"

ಅಂಗಡಿಯಾಕೆಯ ಹುಬ್ಬುಗಳು ಮೇಲಕ್ಕೆ ಹೋದವು ಇಳಿಯಲೇ ಇಲ್ಲ. "ಅಯ್ಯೋ ಚಾಳೀಸು ಸಾರ್," ಎಂದಳು ಮೆಲ್ಲಗೆ. "ಮನೇಲಿ ಪ್ಲೇಯರ್ ಎಷ್ಟಕ್ಕೆ ಇಟ್ಟಿದ್ದೀರಿ?"

ದೊಡ್ಡ ರೆಕಾರ್ಡುಗಳು ನಿಮಿಷಕ್ಕೆ ಮೂವತ್ತಮೂರು ಸುತ್ತು ಸುತ್ತುತ್ತವೆ, ಚಿಕ್ಕವು ನಲವತ್ತೈದು. ಇದು ಚಾಳೀಸುವಿಗೆ ಗೊತ್ತಿತ್ತು. ದೊಡ್ಡದನ್ನೂ ನಲವತ್ತೈದಕ್ಕೆ ಮಾಡುವುದುಂಟು, ಆಗ ಜಾಗ ಸಾಲದೆ ಒಂದರ ಬದಲು ಎರಡು ರೆಕಾರ್ಡು ಬೇಕಾಗುತ್ತದೆ ಎಂಬುದು ಅವನ ತಲೆಗೆ ಹೊಳೆದಿರಲಿಲ್ಲ. ಕವರಿನ ಹಿಂದೆ, ಕೆಳಗಿನ ಮೂಲೆಯಲ್ಲಿ, ಇರುವೆಯಷ್ಟು ಅಕ್ಷರದಲ್ಲಿ ಅದನ್ನು ಬರೆದಿತ್ತು. ಊರಿಗೆಲ್ಲ ಓದುವ ಕನ್ನಡಕ ಮಾಡಿಕೊಡುವವನು ಅದನ್ನು ಓದದೆ ಮೂವತ್ತಮೂರಕ್ಕೇ ಹಾಕಿದ್ದ; ಹಾಡು ನಿಧಾನವಾಗಿ ದನಿ ದಪ್ಪಗಾಗಿತ್ತು. ಬೇರೆ ಯಾವ ತಂಡದ ಅಭಿಮಾನಿಯಾಗಿದ್ದರೂ ಎರಡು ನಿಮಿಷದಲ್ಲಿ ಎದ್ದು ಯಂತ್ರ ಕೆಟ್ಟಿದೆಯೇ ಎಂದು ನೋಡುತ್ತಿದ್ದ. ಕಲಬೆರಕೆಯವರ ಅಭಿಮಾನಿ ಮಾತ್ರ ಮೂರು ವಾರ ಕೂತು ಅದಕ್ಕೆ ಅರ್ಥ ಹಚ್ಚಬಲ್ಲ.

ಅಂಗಡಿಯಾಕೆ ರೆಕಾರ್ಡು ಹಾಕಿದಳು. ಡ್ರಮ್ಮು ಬಾಗಿಲು ಒದ್ದು ಒಳಗೆ ನುಗ್ಗಿತು. ಗಿಟಾರುಗಳು ಒಂದನ್ನೊಂದು ತಳ್ಳಾಡುತ್ತಿದ್ದವು, ಹಿಂದೆ ತುತ್ತೂರಿ, ಅದರ ಹಿಂದೆ ಚಪ್ಪಾಳೆ. ಗಾಯಕಿಯ ದನಿಗೆ ಏನೂ ಆಗಿರಲಿಲ್ಲ. ಅದೇ ಗಾಜು, ಅದೇ ಹೊಳಪು. ಮೂರನೆಯ ಹಾಡಿನಲ್ಲಂತೂ ಎಲ್ಲರೂ ಸೇರಿ ಮಕ್ಕಳ ಹಾಗೆ ಕೂಗಾಡುತ್ತಿದ್ದರು. ಕೋಣೆಯಲ್ಲಿ ನಗು ಎದ್ದಿತು. ಕೆಟ್ಟ ನಗುವಲ್ಲ, ಆದರೂ ನಗು. ಚಾಳೀಸುವೂ ನಕ್ಕ, ಕಿವಿ ಬಿಸಿಯಾಗಿ. ನಗುತ್ತ ನಗುತ್ತಲೇ ಅವನ ಕಾಲು ತಾಳ ಹಾಕತೊಡಗಿತು. ಇಷ್ಟು ವರ್ಷದಲ್ಲಿ ಅವರು ಮಾಡಿದ ಎಲ್ಲ ಕಲಬೆರಕೆಯೂ ಇದರೊಳಗೆ ಒಂದಕ್ಕೊಂದು ಹೊಂದಿಕೊಂಡು ಒಟ್ಟಿಗೆ ಓಡುತ್ತಿತ್ತು. ಇದು ಅವರ ಎಲ್ಲಕ್ಕಿಂತ ಒಳ್ಳೆಯ ರೆಕಾರ್ಡು ಎಂಬುದರಲ್ಲಿ ಅವನಿಗೆ ಅನುಮಾನ ಉಳಿಯಲಿಲ್ಲ. ಅವನಿಗೆ ಕಷ್ಟವಾದದ್ದೇ ಅದು.

ಮನೆಗೆ ನಡೆದು ಬರುವಾಗ ಅವಮಾನ ಅರ್ಧ ದಾರಿಗೇ ಇಳಿಯಿತು. ಅದರ ಜಾಗದಲ್ಲಿ ಹೆದರಿಕೆ ಕೂತಿತು. ಹೆಂಡತಿಗೆ ಏನು ಹೇಳುವುದು? ಹನ್ನೊಂದು ತಿಂಗಳು ಅಳದವಳು ಈಗ ಅಳುತ್ತಿದ್ದಾಳೆ, ನಗುತ್ತಿದ್ದಾಳೆ, ತಮ್ಮನ ಮಾತಾಡುತ್ತಿದ್ದಾಳೆ. ಅದೆಲ್ಲ ಒಂದು ಗುಂಡಿ ತಪ್ಪು ಜಾಗದಲ್ಲಿದ್ದದ್ದರಿಂದ ಆದದ್ದು, ಹಾಡಿದವರು ನಿಜಕ್ಕೂ ಕುಣಿಯುತ್ತಿದ್ದರು ಎಂದರೆ ಅವಳು ಮತ್ತೆ ಬಾಯಿ ಹೊಲಿದುಕೊಂಡರೆ? ಹೇಳುವುದೇ ಬೇಡ ಎಂದು ತೀರ್ಮಾನಿಸಿದ.

ಹೇಳದೆ ಇರುವುದು ಅಂದುಕೊಂಡಷ್ಟು ಸುಲಭವಿರಲಿಲ್ಲ. ಆ ಸಂಜೆ ಅವಳು "ಹಾಕಲ್ವಾ?" ಎಂದಾಗ ಹಾಕಿದ. ಆದರೆ ಈಗ ಅವನ ಕಿವಿಗೆ ಬರಿ ತಪ್ಪೇ ಕೇಳಿಸಿತು. ಡ್ರಮ್ಮು ಕಾಲೆಳೆಯುತ್ತಿತ್ತು, ದನಿ ಮನುಷ್ಯರದೇ ಅಲ್ಲ. ಪಕ್ಕದಲ್ಲಿ ಅವಳು ಕಣ್ಣೊರೆಸಿಕೊಂಡರೆ ಇವನಿಗೆ ತಾನು ಕೂತು ಅವಳಿಗೆ ಮೋಸ ಮಾಡುತ್ತಿದ್ದೇನೆ ಎನ್ನಿಸಿತು. ಮರುದಿನ ತಲೆನೋವು ಎಂದ. ಅದರ ಮರುದಿನ ಕರೆಂಟು ಏರುಪೇರಾಗುತ್ತಿದೆ, ಯಂತ್ರ ಸುಟ್ಟುಹೋದೀತು ಎಂದ. ಫ್ಯಾನು, ದೀಪ, ಫ್ರಿಜ್ಜು ಎಲ್ಲ ಆರಾಮವಾಗಿ ನಡೆಯುತ್ತಿದ್ದವು.

"ನನ್ನ ಮುಂದೆ ಕೈ ಚಾಚಿ ಕೂರೋರೆಲ್ಲ ಭಯ ಇಲ್ಲ ಅಂತಾನೇ ಹೇಳೋದು," ಎಂದಳು ಅವಳು. "ಮುಖ ನೋಡಿದ್ರೆ ಗೊತ್ತಾಗುತ್ತೆ. ಏನಾಯ್ತು, ಹೇಳಿ."

ಚಾಳೀಸು ಹೇಳಿದ. ಒಂದನ್ನೂ ಮುಚ್ಚಿಡದೆ, ಅಂಗಡಿಯಲ್ಲಿ ತಾನು ಮಾಡಿದ ಭಾಷಣವನ್ನೂ ಸೇರಿಸಿ ಹೇಳಿದ. ಅದನ್ನು ಕೇಳಿಯಾದರೂ ನಕ್ಕಾಳು ಎಂದು ಆಸೆಯಿತ್ತು. ಅವಳು ನಗಲಿಲ್ಲ.

"ಅಂದ್ರೆ ಇಷ್ಟು ದಿನ ನಾನು ಅತ್ತಿದ್ದು ಮಷೀನಿನ ತಪ್ಪಿಗೆ."

"ಹಾಗಲ್ಲ..."

"ಹಾಗೇ. ಅವರು ಕುಣೀತಾ ಇದ್ರು. ನಾನು ಇಲ್ಲಿ ಕೂತು ಗೋಳೋ ಅಂತಿದ್ದೆ." ಅವಳು ಎದ್ದು ನಿಂತಳು. "ನಿಮಗೆ ಗೊತ್ತಾದ ಮೇಲೂ ಅದನ್ನೇ ಹಾಕಿ ಪಕ್ಕದಲ್ಲಿ ಕೂತಿದ್ರಲ್ಲ."

ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತು ಪಾತ್ರೆಗಳ ಸದ್ದಾಯಿತು. ಆಮೇಲೆ ಅದೂ ನಿಂತಿತು. ಅಂದು ರಾತ್ರಿ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು, ಬೆಳಿಗ್ಗೆ ಮಾತಿಲ್ಲದೆ ಕೆಲಸಕ್ಕೆ ಹೋದಳು. ಚಾಳೀಸು ಅಂಗಡಿಯಲ್ಲಿ ಒಬ್ಬ ಗಿರಾಕಿಗೆ ಇನ್ನೊಬ್ಬರ ಕನ್ನಡಕ ಕೊಟ್ಟು ಬೈಸಿಕೊಂಡ. ಮತ್ತೆ ಶುರುವಾಯಿತು, ಈ ಸಲ ಇದಕ್ಕೆ ಕೊನೆಯಿಲ್ಲ ಎಂದು ಅವನ ಮನಸ್ಸು ಹೇಳುತ್ತಿತ್ತು. ಸುಳ್ಳನ್ನೇ ಗಟ್ಟಿಯಾಗಿ ಹಿಡಿದುಕೊಳ್ಳಬೇಕಿತ್ತೇನೋ ಎಂದೂ ಅನ್ನಿಸಿತು.

ಸಂಜೆ ಅವನು ಮನೆಗೆ ಬರುವ ಹೊತ್ತಿಗೆ ಅವಳು ಹಾಲ್‌ನಲ್ಲಿ ಪ್ಲೇಯರಿನ ಮುಂದೆ ಕೂತಿದ್ದಳು. ಚೀಲವನ್ನು ಹೆಗಲಿನಿಂದ ಇಳಿಸಿರಲಿಲ್ಲ.

"ಸರಿಯಾದ್ದು ಹೇಗಿದೆ, ಹಾಕಿ. ಕೇಳ್ತೀನಿ."

ಚಾಳೀಸು ಗುಂಡಿಯನ್ನು ನಲವತ್ತೈದಕ್ಕೆ ತಿರುಗಿಸಿ ಸೂಜಿ ಇಳಿಸಿದ. ಡ್ರಮ್ಮು ನುಗ್ಗಿ ಬಂತು. ಅವಳು ಮೊದಲು ಮುಖ ಸಿಂಡರಿಸಿದಳು. ಆಮೇಲೆ ತಲೆ ಬಗ್ಗಿಸಿಕೊಂಡು ಕೇಳಿದಳು. ಮೊದಲ ಹಾಡು ಹೋಯಿತು, ಎರಡನೆಯದೂ ಹೋಯಿತು. ಮೂರನೆಯದರಲ್ಲಿ ಎಲ್ಲರೂ ಕೂಗಾಡತೊಡಗಿದಾಗ ಅವಳ ಭುಜಗಳು ಅಲುಗಿದವು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಎಂದು ನೋಡಲು ಚಾಳೀಸು ಬಗ್ಗಿದ. ಎರಡೂ ಇತ್ತು.

"ಸ್ಕೂಲಿಗೆ ಅವನನ್ನ ನಾನೇ ಕರ್ಕೊಂಡು ಹೋಗ್ತಿದ್ದೆ," ಎಂದಳು, ಹಾಡಿನ ಗದ್ದಲದ ಮೇಲೆ ದನಿಯೆತ್ತಿ. "ಒಂದು ದಿನಾನೂ ಜೊತೇಲಿ ನಡೀಲಿಲ್ಲ. ಕೈ ಕೊಸರಿಕೊಂಡು ಓಡೋನು. ನಿಧಾನ ಕಣೋ, ನಿಧಾನ ಅಂತ ಹಿಂದೆ ಕೂಗ್ತಾ ಹೋಗೋದೇ ನನ್ನ ಕೆಲಸ. ದೊಡ್ಡವನಾದ ಮೇಲೂ ಅಷ್ಟೇ. ಉಣ್ಣೋದೂ ಅವಸರ, ಮಾತೂ ಅವಸರ. ಹೋಗೋವಾಗ್ಲೂ ಅವಸರದಲ್ಲೇ ಹೋದ, ನಾನು ಬರೋ ತನಕ ಕಾಯ್ಲಿಲ್ಲ."

ಚಾಳೀಸು ಅವಳ ಹೆಗಲಿನಿಂದ ಚೀಲವನ್ನು ಇಳಿಸಿ ಪಕ್ಕಕ್ಕಿಟ್ಟ.

"ಈ ಮೂರು ವಾರ ನನಗೆ ಏನನ್ನಿಸ್ತಿತ್ತು ಗೊತ್ತಾ? ಕೊನೆಗೂ ನನ್ನ ಮಾತು ಕೇಳಿದ, ನನ್ನ ಕೈ ಹಿಡ್ಕೊಂಡು, ನನ್ನ ಪಕ್ಕ, ನಿಧಾನವಾಗಿ ನಡೀತಿದ್ದಾನೆ ಅಂತ. ಅದಕ್ಕೇ ದಿನಾ ಹಾಕಿಸ್ತಿದ್ದೆ." ಅವಳು ಸೆರಗಿನಿಂದ ಮುಖ ಒತ್ತಿಕೊಂಡಳು. "ಈಗ ನೋಡಿ. ಮತ್ತೆ ಕೈ ಬಿಡಿಸ್ಕೊಂಡ."

ಚಾಳೀಸುವಿಗೆ ತಡೆಯಲಾಗಲಿಲ್ಲ. ತಪ್ಪೋ ಸರಿಯೋ, ಅವಳಿಗೆ ಬೇಕಾದದ್ದು ಅದೇ ಆದರೆ ಅದೇ ಇರಲಿ, ಜನ್ಮವಿಡೀ ಹಾಗೇ ಕೇಳಿದರಾಯಿತು ಎಂದುಕೊಂಡು, ಗುಂಡಿಯನ್ನು ಹಿಂದಕ್ಕೆ ತಿರುಗಿಸಲು ಕೈ ಚಾಚಿದ.

ಅವಳು ಆ ಕೈಯನ್ನು ಹಿಡಿದುಕೊಂಡಳು.

"ಬೇಡ," ಎಂದಳು. "ಓಡ್ಲಿ ಬಿಡಿ."